ಅಂತೇವಾಸಿ ಮತ್ತು ಆಚಾರ್ಯ: ಬ್ರಹ್ಮಗಿರಿಯ ಶಾಸನ, ತಳುಕಿನ ವೆಂಕಣ್ಣಯ್ಯನವರು ಮತ್ತು ಅಧ್ಯಾಪಕನ ಪ್ರಭಾವದ ಪ್ರಶ್ನೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಮೌರ್ಯರ ಆಳ್ವಿಕೆ ದಕ್ಷಿಣದಲ್ಲಿ ಎಲ್ಲಿಯವರೆಗೆ ಹಬ್ಬಿತ್ತು, ಶಾಸನದಲ್ಲಿ ಹೆಸರಿಸಿರುವ ಇಸಿಲ ಪಟ್ಟಣ ಎಲ್ಲಿತ್ತು ಎಂಬ ಚರ್ಚೆಗಳಿಗೆ ಇವು ಆಧಾರವಾಗಿವೆ. ನನ್ನ ಕುತೂಹಲ ಬ್ರಹ್ಮಗಿರಿಯ ಪಾಠದ ಕೊನೆಯ ಕೆಲವು ಸಾಲುಗಳದು. ತಂದೆತಾಯಿಯರ ಸೇವೆ ಮಾಡಬೇಕು, ಜೀವಿಗಳಲ್ಲಿ ಆದರವಿರಬೇಕು, ಸತ್ಯ ನುಡಿಯಬೇಕು ಎಂದ ಮೇಲೆ, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು ಎಂದು ಅಲ್ಲಿ ವಿಧಿಸಿದೆ. ಇದು ಹಿಂದಿನಿಂದ ಬಂದ ನಡೆ ಎಂದೂ ಸೇರಿಸಿದೆ. ಅಂತೇವಾಸಿ ಎಂದರೆ ಹತ್ತಿರದಲ್ಲಿ ವಾಸಿಸುವವನು. ಶಿಷ್ಯನಿಗೆ ಅಪ್ಪಣೆಯಾಯಿತು, ಸರಿ. ಹತ್ತಿರ ಬಂದವನಿಗೆ ಆಚಾರ್ಯ ಏನು ಮಾಡಬೇಕು? ಬಂಡೆ ಅದನ್ನು ಹೇಳುವುದಿಲ್ಲ.

ಶಾಸನದ ತುದಿಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಇಡೀ ಪಾಠ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ಅರ್ಥದ ಮಾತನ್ನು ಆತ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಅಲ್ಲಿ ಯಾರೋ ಒಬ್ಬರು ಅವನ ಕೈ ತಿದ್ದಿಸಿರಬೇಕು. ಆ ಗುರುವಿನ ಹೆಸರು ನಮಗೆ ಉಳಿದಿಲ್ಲ, ಕಲಿಸಿದ ಅಕ್ಷರ ಮಾತ್ರ ಮೊಳಕಾಲ್ಮುರಿನ ಬಂಡೆಯ ಮೇಲಿದೆ. ಅಧ್ಯಾಪಕನ ಪ್ರಭಾವಕ್ಕೆ ಪುರಾವೆ ಹುಡುಕುವವರು ಶಿಷ್ಯನ ಕೈಯನ್ನೇ ನೋಡಬೇಕಾಗುತ್ತದೆ.

ಆಚಾರ್ಯನ ಪಾಲಿನ ಕೆಲಸವೇನೆಂದು ತಿಳಿಯಲು ಬ್ರಹ್ಮಗಿರಿಯಿಂದ ಬಹಳ ದೂರ ಹೋಗಬೇಕಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ, ಬಳ್ಳಾರಿಯ ದಾರಿಯ ಮೇಲೆ ತಳುಕು ಇದೆ. ಟಿ.ಎಸ್. ವೆಂಕಣ್ಣಯ್ಯನವರು (1885–1939) ಆ ಊರಿನವರು. ವಿದ್ವಾಂಸ ತ.ಸು. ಶಾಮರಾಯರು ಅವರ ತಮ್ಮ, ಕಾದಂಬರಿಕಾರ ತ.ರಾ.ಸು. ಅವರೂ ಅದೇ ಮನೆತನದವರು, ಆ ‘ತ’ಕಾರ ತಳುಕಿನದೇ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂದು ವೆಂಕಣ್ಣಯ್ಯನವರನ್ನು ನೆನೆಯುತ್ತೇವೆ. ಅವರ ಸ್ವಂತ ಬರಹದ ರಾಶಿ ದೊಡ್ಡದಲ್ಲ. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿದರು, ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆಗೂಡಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಸಂಗ್ರಹಿಸಿದರು. ಹಳೆಯ ಕವಿಗಳನ್ನು ಹೊಸ ಓದುಗರ ಕೈಗೆ ದಾಟಿಸುವುದೇ ಅವರ ಮುಖ್ಯ ಉದ್ಯೋಗವಾಗಿತ್ತು.

ವೆಂಕಣ್ಣಯ್ಯನವರ ಬಗ್ಗೆ ನಮಗಿರುವ ಸಾಕ್ಷ್ಯದಲ್ಲಿ ಬಹುಪಾಲು ಶಿಷ್ಯರ ನೆನಪು. ಶಿಷ್ಯರಲ್ಲೊಬ್ಬರಾದ ಕವಿ ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಪ್ರಕಟವಾದದ್ದು 1980ರಲ್ಲಿ, ಘಟನೆಗಳು ನಡೆದು ಅರ್ಧ ಶತಮಾನ ಕಳೆದ ಮೇಲೆ. ಪ್ರೀತಿಯ ನೆನಪು ಕೊರತೆಗಳನ್ನು ಮರೆಯುವುದು ಸಹಜ, ಆದ್ದರಿಂದ ಹೊಗಳಿಕೆಯ ಮಾತುಗಳನ್ನು ಬದಿಗಿಟ್ಟು ನಡೆದ ಸಂಗತಿಗಳನ್ನಷ್ಟೇ ಗಮನಿಸುತ್ತೇನೆ.

ಮೊದಲನೆಯದು ವಿಷಯದ ಆಯ್ಕೆ. ಬಿ.ಎ. ಮುಗಿಸಿದ ಕುವೆಂಪು ಅವರ ಮನಸ್ಸು ತತ್ತ್ವಶಾಸ್ತ್ರದ ಕಡೆಗಿತ್ತು. ಹೊಸದಾಗಿ ಆರಂಭವಾಗಿದ್ದ ಕನ್ನಡ ಎಂ.ಎ. ತರಗತಿಗೆ ಸೇರುವಂತೆ ಹೇಳಿದವರು ವೆಂಕಣ್ಣಯ್ಯನವರು. ಇದಕ್ಕೆ ಮೊದಲು, 1924ರಲ್ಲಿ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಈ ತರುಣನಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯಲು ಹೇಳಿದ್ದರು. ಆ ಪ್ರಸಂಗ ಎಲ್ಲರ ಬಾಯಲ್ಲೂ ಇದೆ. ನನಗೆ ವೆಂಕಣ್ಣಯ್ಯನವರ ಪಾತ್ರವೇ ಹಿರಿದೆನಿಸುತ್ತದೆ. ಕಸಿನ್ಸ್ ಹೇಳಿದ ಮಾತು ಒಂದು ಭೇಟಿಯದು. ವೆಂಕಣ್ಣಯ್ಯನವರು ಸಲಹೆ ಕೊಟ್ಟು ಮುಂದೆ ಹೋಗಲಿಲ್ಲ. ಆ ದಾರಿಯಲ್ಲಿ ಹುಡುಗನ ಜೊತೆಗೆ ವರ್ಷಗಟ್ಟಲೆ ನಡೆದರು. ಅಂತೇವಾಸಿ ಎಂಬ ಮಾತಿನಲ್ಲಿರುವ ಹತ್ತಿರ ಎರಡೂ ಕಡೆಯಿಂದ ಆಗಬೇಕಾದದ್ದು.

ಎರಡನೆಯ ಸಂಗತಿ ನನ್ನ ವಾದಕ್ಕೆ ಇನ್ನೂ ಮುಖ್ಯ. ಆ ತರಗತಿಯಲ್ಲಿ ಕುವೆಂಪು ಅವರ ಸಹಪಾಠಿಯಾಗಿದ್ದವರು ಡಿ.ಎಲ್. ನರಸಿಂಹಾಚಾರ್. ಒಬ್ಬರದು ಸೃಷ್ಟಿಶೀಲ ಪ್ರತಿಭೆ, ಇನ್ನೊಬ್ಬರದು ಪಾಠಾಂತರಗಳನ್ನು ತೂಗಿ ನೋಡುವ ಶಾಸ್ತ್ರನಿಷ್ಠೆ. 1949ರಲ್ಲಿ, ಗುರು ತೀರಿಕೊಂಡು ಹತ್ತು ವರ್ಷದ ಮೇಲೆ, ಒಬ್ಬರಿಂದ ‘ಶ್ರೀ ರಾಮಾಯಣ ದರ್ಶನಂ’, ಇನ್ನೊಬ್ಬರಿಂದ ವಡ್ಡಾರಾಧನೆಯ ಸಂಪಾದಿತ ಆವೃತ್ತಿ ಹೊರಬಂದವು. ಇದು ಕಾಕತಾಳೀಯವೇ ಇರಬಹುದು. ಶಿಷ್ಯರನ್ನು ತನ್ನ ಅಚ್ಚಿನಲ್ಲಿ ಎರಕ ಹೊಯ್ಯುವ ಮೇಷ್ಟ್ರ ಕೈಯಲ್ಲಿ ಇಂಥ ಭಿನ್ನ ಫಲಗಳು ಹುಟ್ಟಲಾರವು ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಮೂರನೆಯದು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಅರ್ಪಣೆ. ತೀರಿಹೋದ ಗುರುವನ್ನು ಎದುರಿಗೇ ಇದ್ದಾರೆಂಬಂತೆ ಕವಿ ಮಾತನಾಡಿಸುತ್ತಾರೆ, ಕಾವ್ಯ ಮುಗಿಸಿ ತಂದಿದ್ದೇನೆ ಎಂದು ವರದಿ ಒಪ್ಪಿಸುತ್ತಾರೆ. ಆಮೇಲೆ ಒಂದು ಕೋರಿಕೆ: ಹಿಂದಿನ ಮಹಾಕವಿಗಳು ನೆರೆದ ಸ್ವರ್ಗದ ಸಭೆಗೆ ಕರೆದೊಯ್ದು ತನ್ನನ್ನು ಅವರಿಗೆ ಪರಿಚಯ ಮಾಡಿಸಿಕೊಡಬೇಕು. ನಲವತ್ತು ದಾಟಿದ್ದ, ನಾಡೇ ಕವಿಯೆಂದು ಒಪ್ಪಿದ್ದ ವ್ಯಕ್ತಿ ಗುರುವಿನಿಂದ ಇನ್ನೂ ಬೇಡುತ್ತಿರುವುದು ಈ ಪರಿಚಯವನ್ನು. ತರಗತಿಯಲ್ಲಿ ವೆಂಕಣ್ಣಯ್ಯನವರು ಮಾಡಿದ್ದೂ ಅದನ್ನೇ: ಹರಿಹರ, ರಾಘವಾಂಕರಿದ್ದಲ್ಲಿಗೆ ಹುಡುಗರನ್ನು ಕರೆದುಕೊಂಡು ಹೋಗಿದ್ದು. ಬ್ರಹ್ಮಗಿರಿಯ ಶಾಸನ ಹೇಳದೆ ಬಿಟ್ಟ ಆಚಾರ್ಯನ ಕರ್ತವ್ಯ ನನಗೆ ಸಿಗುವುದು ಈ ಕೋರಿಕೆಯಲ್ಲಿ.

ಇದಕ್ಕೆ ವಿಶ್ವವಿದ್ಯಾನಿಲಯ ಬೇಕೇಬೇಕೆಂದಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಕಾಡುಗೊಲ್ಲರ ಹಾಡಿನ ಭಂಡಾರವೇ ಅವರ ನಾಲಗೆಯ ಮೇಲಿತ್ತು. ಅಧ್ಯಾಪಕರೂ ಜಾನಪದ ವಿದ್ವಾಂಸರೂ ಆದ ಕೃಷ್ಣಮೂರ್ತಿ ಹನೂರರು ಆಕೆಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು ಪ್ರಕಟಿಸಿದರು. ಇಲ್ಲಿ ಹತ್ತಿರ ಬಂದು ಕುಳಿತವರು ಅಧ್ಯಾಪಕರು, ತನ್ನ ಕುಲದ ವೀರರನ್ನೂ ದೈವಗಳನ್ನೂ ಅವರಿಗೆ ಪರಿಚಯಿಸಿದವರು ಅಜ್ಜಿ.

ಮಾಡಬೇಕಾದ ಕೆಲಸ ಇನ್ನೂ ಇದೆ. ಈ ಎರಡು ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಮನೆಯಲ್ಲಿ ಕನ್ನಡ ಕೇಳದ ಮಗುವನ್ನು ಮೊದಲ ಸಲ ಕನ್ನಡ ಪುಸ್ತಕದ ಹತ್ತಿರ ಕೂರಿಸಿಕೊಂಡ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳ ಬಗ್ಗೆ ಶಿಷ್ಯರ ನೆನಪುಗಳನ್ನು, ಆ ಶಿಷ್ಯರು ಬದುಕಿರುವಾಗಲೇ, ಊರೂರಿಗೆ ಹೋಗಿ ಬರೆದಿಟ್ಟುಕೊಳ್ಳಬೇಕು.