ತೋಟದ ಕೆಲಸ ಮುಗಿದ ಮೇಲೆ ತಾಲೀಮು

ಮಲೆನಾಡಿನ ಊರುಗಳಲ್ಲಿ ಬೀದಿ ಹುಡುಕಿದರೆ ಸಿಗುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಸಾಗರದ ಹತ್ತಿರದ ಹೆಗ್ಗೋಡೂ ಅಂಥದೇ ಊರು. ಹೀಗೆ ಚದುರಿ ಕೂತ ಜನರನ್ನು ಒಂದೆಡೆ ಸೇರಿಸಲು ದೇವಸ್ಥಾನದ ಉತ್ಸವ ಬೇಕು, ಮದುವೆ ಬೇಕು. ಇಲ್ಲವೇ ಆಟ ಬೇಕು.

1949ರಲ್ಲಿ ಊರಿನ ಕೆಲವರು ಸೇರಿ ಇಂಥದೊಂದು ನೆಪ ಕಟ್ಟಿಕೊಂಡರು. ಗ್ರಾಮದೇವರ ಹೆಸರಿನಲ್ಲೇ ‘ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ’ ಹುಟ್ಟಿತು. ಉದ್ದದ ಹೆಸರು ಬಾಯಲ್ಲಿ ಸವೆದು ‘ನೀನಾಸಮ್’ ಆಯಿತು.

ಹಣ ಹೂಡಿ, ಟೆಂಟು ಹಾಕಿ, ಕಲಾವಿದರಿಗೆ ಸಂಬಳ ಕೊಟ್ಟು ನಡೆಸುವ ಕಂಪನಿ ನಾಟಕದ ವ್ಯವಹಾರ ಇದಾಗಿರಲಿಲ್ಲ. ಇಲ್ಲಿನ ನಟರದು ಅಡಿಕೆ ಬದುಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು; ಕೊಯ್ಲು ಬಂತೆಂದರೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯಬೇಕು, ಬೇಯಿಸಬೇಕು, ಅಟ್ಟದ ಮೇಲೆ ಹರವಬೇಕು. ಇದೆಲ್ಲದರ ನಡುವೆ ಬಿಡುವು ಮಾಡಿಕೊಂಡೇ ಮಾತು ಬಾಯಿಪಾಠ ಮಾಡಬೇಕು, ಬಣ್ಣ ಹಚ್ಚಬೇಕು.

ಸಂಘ ಶುರುವಾದಾಗ, ಅದನ್ನು ಕಟ್ಟಿದವರಲ್ಲೊಬ್ಬರಾದ ಕೆ.ವಿ. ಸುಬ್ಬಣ್ಣನವರಿಗೆ ಇನ್ನೂ ಹದಿನೇಳು. ಮೈಸೂರಿನಲ್ಲಿ ಓದು ಮುಗಿಸಿದ ಅವರು ಪೇಟೆಯ ನೌಕರಿ ಹಿಡಿಯದೆ ಊರಿಗೇ ಮರಳಿದರು. ಅಡಿಕೆ ತೋಟ ನೋಡಿಕೊಳ್ಳುತ್ತಲೇ ‘ಅಕ್ಷರ ಪ್ರಕಾಶನ’ ಆರಂಭಿಸಿದರು, ನಾಟಕಗಳನ್ನು ಅನುವಾದಿಸಿದರು, ಆಡಿಸಿದರು. ಹಳ್ಳಿಯವರಿಗೆ ಇಷ್ಟು ಸಾಕು ಎಂದು ಅಳೆದು ಬಡಿಸುವ ಅಭ್ಯಾಸ ಅವರದಲ್ಲ.

1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಮರುವರ್ಷ ಚಿತ್ರಸಮಾಜ ಬಂತು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ ಅಡಿಕೆ ಬೆಳೆಗಾರರೆದುರು ತೆರೆಯ ಮೇಲೆ ಮೂಡಿದವು. 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಹವ್ಯಾಸಿಗಳು ಕಟ್ಟಿದ ಮನೆಗೆ ಈಗ ಪಾಠ ಹೇಳುವವರೂ ಕಲಿಯುವವರೂ ಬಂದು ನೆಲೆಸಿದರು.

1983ರಿಂದ 85ರವರೆಗೆ ‘ಜನಸ್ಪಂದನ’ ಯೋಜನೆಯಡಿ ಕರ್ನಾಟಕದ ಹಲವೆಡೆ ನಾಟಕ ಮತ್ತು ಸಿನಿಮಾ ಶಿಬಿರಗಳು ನಡೆದವು. ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರು ನೈಜೀರಿಯಾದ ಚಿನುವಾ ಅಚೆಬೆಯ ಕಾದಂಬರಿಯೊಂದನ್ನು ರಂಗಕ್ಕೆ ತಂದರು. ಆಫ್ರಿಕಾ ಮೂಲದ ಜನ ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದ ಪ್ರಸಂಗವದು.

1985ರಲ್ಲಿ ‘ತಿರುಗಾಟ’ ಹೊರಟಿತು. ಯಕ್ಷಗಾನ ಮೇಳದವರ ಬಾಯಲ್ಲಿದ್ದ ಪದವೇ ನಾಟಕ ತಂಡದ ಹೆಸರಾಯಿತು. ಊರಿಗೆ ಬಂದಿಳಿದ ಕೂಡಲೇ ನಟರೇ ಪೆಟ್ಟಿಗೆ ಇಳಿಸುತ್ತಾರೆ, ರಂಗಸಜ್ಜಿಕೆ ಜೋಡಿಸುತ್ತಾರೆ, ದೀಪ ಕಟ್ಟುತ್ತಾರೆ. ರಾತ್ರಿ ರಾಜನಾದವನು ಕಿರೀಟ ತೆಗೆದಿಟ್ಟು, ಮುಖದ ಬಣ್ಣ ಒರೆಸಿಕೊಂಡು, ಅದೇ ಸಿಂಹಾಸನವನ್ನು ಬಿಚ್ಚಿ ಗಾಡಿಗೆ ಹೇರಬೇಕು. ನಾಳೆಗೆ ಇನ್ನೊಂದು ಊರು ಕಾದಿರುತ್ತದೆ.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡಿನ ಹೆಸರು ದೇಶದಾಚೆಗೂ ಹೋಯಿತು. ಆದರೆ ಆ ಹೆಸರಿನ ಹಿಂದೆ ಸಂಬಳದ ಪಟ್ಟಿಯಲ್ಲಿಲ್ಲದವರು ಬಹಳ ಮಂದಿ. ಶಾಲೆಯೂ ವೃತ್ತಿತಂಡವೂ ಬಂದ ಮೇಲೆ ಊರಿನ ಹವ್ಯಾಸಿ ಬಳಗ ಮೂಲೆಗೆ ಸರಿಯಲಿಲ್ಲ. ಈ ಕಾಲದಲ್ಲೂ ಊರವರು ಇಲ್ಲಿ ಬಣ್ಣ ಹಚ್ಚಿದ್ದಾರೆ. 2005ರಲ್ಲಿ ಸುಬ್ಬಣ್ಣ ತೀರಿಕೊಂಡರು. ಅವರ ಮಗ, ನಾಟಕಕಾರ ಕೆ.ವಿ. ಅಕ್ಷರ ಮತ್ತು ಸಂಗಾತಿಗಳು ಕೆಲಸ ಮುಂದುವರಿಸಿದರು.

ಇಲ್ಲಿನ ರಂಗದ ಪಂಚಾಂಗ ಮಲೆನಾಡಿನ ಋತುಮಾನಕ್ಕೆ ಹೊಂದಿಕೊಂಡೇ ಬೆಳೆದಿದೆ. ಮಳೆ ಜಡಿಯುವ ತಿಂಗಳುಗಳಲ್ಲಿ ತಿರುಗಾಟದ ತಾಲೀಮು. ಮಳೆ ಹಿಂದೆಗೆದ ಅಕ್ಟೋಬರ್‌ನಲ್ಲಿ ಸಂಸ್ಕೃತಿ ಶಿಬಿರ. ಶಿಬಿರದ ರಾತ್ರಿಗಳಲ್ಲಿ ಹೊರಗಿನಿಂದ ಬಂದ ಶಿಬಿರಾರ್ಥಿಗಳ ಜತೆಗೆ ಸುತ್ತಲ ಊರುಗಳವರೂ ರಂಗಮಂದಿರದಲ್ಲಿ ಕೂರುತ್ತಾರೆ. ಬೆಳಗಾದರೆ ನಾಟಕದ ಮೇಲೆ ಚರ್ಚೆ: ಈ ಪಾತ್ರ ಯಾಕೆ ಹಾಗೆ ಮಾಡಿತು, ಆ ದೃಶ್ಯ ಯಾಕೆ ಎಳೆದಂತಾಯಿತು? ನಿರ್ದೇಶಕರೂ ಕೂತು ಕೇಳುತ್ತಾರೆ. ಚರ್ಚೆ ಮುಗಿದ ಮೇಲೆ ತಂಡ ಗಂಟುಮೂಟೆ ಕಟ್ಟಲು ಹೊರಡುತ್ತದೆ. ಊರವರು ತೋಟದ ಕಡೆ ನಡೆಯುತ್ತಾರೆ, ಕೊಯ್ಲು ಹತ್ತಿರವಾಗಿರುತ್ತದೆ.