ಕೋಡಿಯ ಮಠದ ವೈಶೇಷಿಕವೂ ಕುಂಬಾರನ ಆವಗೆಯೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಕಾಲದಲ್ಲಿ, ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವರ ಪ್ರಸಿದ್ಧ ವಿದ್ಯಾಸ್ಥಾನವಾಗಿತ್ತು. ಕಲಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವೊಂದು ಈ ಮಠದ ಕಾರ್ಯಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ಣಾಟಿಕ’ದ ಏಳನೆಯ ಸಂಪುಟದಲ್ಲಿ ಅದನ್ನು ಕಾಣಬಹುದು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧಾದಿ ದರ್ಶನಗಳು, ಕಾವ್ಯ ನಾಟಕಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದವು. ದೀನರಿಗೆ ಅನ್ನವೂ ಅನಾಥರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಈ ಪಟ್ಟಿಯನ್ನು ನಮ್ಮ ಇತಿಹಾಸಗ್ರಂಥಗಳು ಬಹುಸಲ ಉದ್ಧರಿಸಿವೆ. ಅದರಲ್ಲಿರುವ ‘ವೈಶೇಷಿಕ’ವೆಂಬ ಒಂದು ಹೆಸರಿನ ಅರ್ಥವನ್ನು ಬಿಡಿಸಿ ನೋಡುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ವೈಶೇಷಿಕವು ಪರಮಾಣುವಾದದ ದರ್ಶನ. ಪೃಥಿವಿ, ಅಪ್ಪು, ತೇಜಸ್ಸು, ವಾಯು ಎಂಬ ನಾಲ್ಕು ಬಗೆಯ ಪರಮಾಣುಗಳುಂಟು. ಎರಡು ಕೂಡಿ ದ್ವ್ಯಣುಕ, ಅಂಥ ಮೂರು ಕೂಡಿ ತ್ರ್ಯಣುಕ. ಕಿಟಕಿಯ ಬಿಸಿಲಕೋಲಿನಲ್ಲಿ ತೇಲಾಡುವ ಧೂಳಿನ ಕಣವೇ ಆ ತ್ರ್ಯಣುಕವೆಂದು ಅವರ ಮತ. ಇದನ್ನು ಕೇಳಿದೊಡನೆ ಆಧುನಿಕ ರಸಾಯನಶಾಸ್ತ್ರವೆಲ್ಲ ನಮ್ಮಲ್ಲಿತ್ತೆಂದು ಹಿಗ್ಗುವವರುಂಟು. ಇದೆಲ್ಲ ಬರಿಯ ಶಬ್ದಜಾಲವೆಂದು ತಳ್ಳಿಹಾಕುವವರೂ ಉಂಟು. ಇಬ್ಬರೂ ಆ ಶಾಸ್ತ್ರದ ಪಾಕಜಪ್ರಕರಣವನ್ನು ಓದಿದಂತೆ ತೋರುವುದಿಲ್ಲ.

ಪಾಕವೆಂದರೆ ಬೆಂಕಿಯ ಇಲ್ಲವೆ ಶಾಖದ ಸಂಯೋಗದಿಂದಾಗುವ ಮಾರ್ಪಾಟು. ಅಡಿಗೆಮನೆಯ ಬೆಲ್ಲದ ಪಾಕದಲ್ಲಿ ನಾವು ಇಂದಿಗೂ ಬಳಸುವ ಮಾತೇ ಇದು. ಹಸಿರು ಮಾವಿನಕಾಯಿ ಹಳದಿಯ ಹಣ್ಣಾಗುವುದು, ಹುಳಿ ಹೋಗಿ ಸಿಹಿ ಬರುವುದು, ಉಂಡ ಅನ್ನ ಜೀರ್ಣವಾಗುವುದು, ಎಲ್ಲವೂ ಅವರಿಗೆ ಪಾಕವೇ. ಆದರೆ ಮುಖ್ಯ ದೃಷ್ಟಾಂತ ಮಡಕೆ. ಕಪ್ಪಾದ ಹಸಿಮಡಕೆ ಆವಗೆಯಲ್ಲಿ ಬೆಂದು ಕೆಂಪಾಗುತ್ತದೆ. ಆ ಕೆಂಪು ಎಲ್ಲಿಂದ ಬಂತು?

ವೈಶೇಷಿಕರ ಉತ್ತರಕ್ಕೆ ಪೀಲುಪಾಕವೆಂದು ಹೆಸರು, ಪೀಲುವೆಂದರೆ ಪರಮಾಣು. ಬೆಂಕಿಯ ಹೊಡೆತಕ್ಕೆ ಮಡಕೆ ಪರಮಾಣುಗಳವರೆಗೆ ಬಿಡಿಬಿಡಿಯಾಗುತ್ತದೆ. ಒಂದೊಂದು ಪರಮಾಣುವಿನಲ್ಲಿಯೂ ಕಪ್ಪು ಅಳಿದು ಕೆಂಪು ಹುಟ್ಟುತ್ತದೆ. ಅನಂತರ ಅವು ಮತ್ತೆ ಕೂಡಿ ಹೊಸ ಮಡಕೆಯಾಗುತ್ತದೆ. ನೈಯಾಯಿಕರು ಇದನ್ನೊಪ್ಪಲಿಲ್ಲ. ಮಡಕೆ ಚೂರಾದರೆ ಅದರ ಮೇಲೆ ಒಟ್ಟಿದ ಮಡಕೆಗಳು ಕುಸಿಯಬೇಡವೆ? ಆವಗೆಯ ಕಂಡಿಯಿಂದ ಇಣುಕಿದರೆ ಅದೇ ಮಡಕೆ ಕಾಣುವುದಲ್ಲ! ಮಡಕೆಯ ಮೈಯೆಲ್ಲ ಸೂಕ್ಷ್ಮ ರಂಧ್ರಗಳಿಂದ ಕೂಡಿದೆ. ಬೆಂಕಿ ಅವುಗಳ ಮೂಲಕ ಒಳಹೊಕ್ಕು ಇಡಿಯ ಮಡಕೆಯನ್ನೇ ಮಾರ್ಪಡಿಸುತ್ತದೆ ಎಂದರು. ಇದು ಪಿಠರಪಾಕ. ರಂಧ್ರಗಳಿಗೆ ಸಾಕ್ಷಿ, ನೀರು ತುಂಬಿದ ಮಡಕೆಯ ಹೊರಮೈ ಜಿನುಗುವುದು. ನಮಗೆ ಈ ವಾದ ಬಹಳ ಹಿಡಿಸುತ್ತದೆ. ಪೀಲುಪಾಕದವರಾದರೋ ಅಳಿವು ಉಳಿವುಗಳು ಎಣಿಸಲಾಗದ ವೇಗದಲ್ಲಿ ನಡೆಯುವುದರಿಂದ ಕಣ್ಣಿಗೆ ಬೀಳವು ಎಂದರು. ಪರಮಾಣುಗಳು ಮರಳಿ ಕೂಡಲು ಅದೃಷ್ಟವನ್ನು ಕಾರಣವಾಗಿ ತಂದರು. ಅಲ್ಲಿ ಅವರ ವಾದ ಸಡಿಲವಾಯಿತೆನ್ನದೆ ವಿಧಿಯಿಲ್ಲ.

ಇಂದಿನ ರಸಾಯನಶಾಸ್ತ್ರದ ಪ್ರಕಾರ ಆವಗೆಯಲ್ಲಿ ನಡೆಯುವುದಿಷ್ಟು. ಮಲೆನಾಡಿನ ಮಣ್ಣಿನಲ್ಲಿ ಕಬ್ಬಿಣವು ಬಹುಮಟ್ಟಿಗೆ ಆಮ್ಲಜನಕದೊಡನೆಯೂ ನೀರಿನ ಅಂಶದೊಡನೆಯೂ ಕೂಡಿಕೊಂಡಿರುತ್ತದೆ. ಸುಮಾರು 300 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಆ ನೀರು ಹೊರಟುಹೋಗಿ ಕೆಂಪಾದ ಕಬ್ಬಿಣದ ಆಕ್ಸೈಡು ಉಳಿಯುತ್ತದೆ. ಇನ್ನೂ ಕಾದು 450ರಿಂದ 600 ಡಿಗ್ರಿಯ ನಡುವೆ ಜೇಡಿಯ ಕಣಗಳಲ್ಲಿ ಬಂಧಿತವಾದ ನೀರೂ ಬಿಡುಗಡೆಯಾಗುತ್ತದೆ. ಆಮೇಲೆ ಆ ಮಡಕೆಯನ್ನು ನೆನೆಸಿ ಮತ್ತೆ ಮಣ್ಣಾಗಿಸಲಾಗದು. ಹಾಗಾದರೆ ಗೆದ್ದವರಾರು? ಮಡಕೆ ಎಂದೂ ಬಿಡಿಯಾಗುವುದಿಲ್ಲವೆಂಬಲ್ಲಿ ನೈಯಾಯಿಕರ ಮಾತು ನಿಜ. ಮಾರ್ಪಾಟು ಕಣ್ಣಿಗೆ ಕಾಣದ ಕಣಗಳ ಮಟ್ಟದಲ್ಲಿ, ಹಳೆಯ ಕೂಟ ಮುರಿದು ಹೊಸ ಕೂಟ ಏರ್ಪಡುವುದರಿಂದ ಆಗುತ್ತದೆಂಬಲ್ಲಿ ವೈಶೇಷಿಕರು ಸತ್ಯಕ್ಕೆ ಹತ್ತಿರವಿದ್ದರು. ತಪ್ಪಿದ್ದು ಬಿಡಿ ಪರಮಾಣುವಿಗೇ ಬಣ್ಣವನ್ನು ಆರೋಪಿಸಿದ್ದರಲ್ಲಿ. ಕಬ್ಬಿಣದ ಪರಮಾಣು ಕೆಂಪೂ ಅಲ್ಲ, ಕಪ್ಪೂ ಅಲ್ಲ. ಅದು ಯಾವುದರೊಡನೆ ಹೇಗೆ ಕೂಡಿದೆ ಎಂಬುದರಿಂದ ಬಣ್ಣ.

ಪಾಕದಿಂದ ಬದಲಾಗುವ ಗುಣಗಳನ್ನು ವೈಶೇಷಿಕರು ನಾಲ್ಕೆಂದು ಎಣಿಸಿದ್ದರು: ರೂಪ, ರಸ, ಗಂಧ, ಸ್ಪರ್ಶ. ಗುರುತ್ವ, ಎಂದರೆ ತೂಕ, ಆ ಎಣಿಕೆಯಲ್ಲಿಲ್ಲ. ಶುದ್ಧವಾದ ಬಿಳಿಯ ಜೇಡಿ ಬೆಂದಾಗ ತೂಕದಲ್ಲಿ ನೂರಕ್ಕೆ ಸುಮಾರು 14 ಭಾಗ ಕಡಮೆಯಾಗುತ್ತದೆ. ಕುಂಬಾರನ ಮಣ್ಣಿನಲ್ಲಿ ಅಷ್ಟಿಲ್ಲದಿದ್ದರೂ ತಕ್ಕಡಿಗೆ ಸಿಗದಷ್ಟು ಅಲ್ಪವಲ್ಲ. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಮಡಕೆಯನ್ನು ಸುಡುವ ಮುನ್ನ ಒಮ್ಮೆ, ಸುಟ್ಟ ಮೇಲೊಮ್ಮೆ ತೂಗಿದ್ದರೆ ಏನೋ ಹೊರಹೋಗಿದೆ ಎಂಬುದು ಹೊಳೆಯುತ್ತಿತ್ತು. ತಕ್ಕಡಿ ಈ ಪಂಡಿತರಿಗೆ ಅಪರಿಚಿತವೇನಲ್ಲ. ಬಟ್ಟೆ ನೂಲಿಗಿಂತ ಬೇರೆಯಾದ ಅವಯವಿಯಾದರೆ ಎರಡರ ಭಾರವೂ ಸೇರಿ ತಕ್ಕಡಿ ಹೆಚ್ಚು ಬಾಗಬೇಡವೆ ಎಂಬ ಪ್ರಶ್ನೆಯನ್ನು ನ್ಯಾಯವಾರ್ತಿಕವು ಚರ್ಚಿಸಿದೆ. ವಾದಕ್ಕೆ ಬಂದ ತಕ್ಕಡಿ ಆವಗೆಯ ಬಳಿಗೆ ಹೋಗಲಿಲ್ಲ. ಯುರೋಪಿನಲ್ಲಿಯೂ ಕ್ರಮವಾಗಿ ತೂಗಿ ನೋಡುವ ಪದ್ಧತಿಯನ್ನು ರಸಾಯನಶಾಸ್ತ್ರದ ತಳಹದಿಯಾಗಿಸಿದ ಲವಾಸಿಯೇಯ ಗ್ರಂಥ ಬಂದದ್ದು 1789ರಲ್ಲಿ. ತೂಕದ ಆಧಾರದ ಮೇಲೆ ಡಾಲ್ಟನ್ ತನ್ನ ಪರಮಾಣುವಾದವನ್ನು ಗ್ರಂಥರೂಪದಲ್ಲಿ ಮುಂದಿಟ್ಟದ್ದು 1808ರಲ್ಲಿ. ಆದುದರಿಂದ ಹನ್ನೆರಡನೆಯ ಶತಮಾನದ ಮಠವನ್ನು ಈ ಕೊರತೆಗಾಗಿ ಹಳಿಯುವುದು ನ್ಯಾಯವಲ್ಲ.

ಇನ್ನೊಂದು ಸಾಕ್ಷ್ಯ ಈ ಪಂಡಿತರಿಗಿಂತ ಬಹು ಹಿಂದಿನದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ನಡೆಸಿದ ಅಗೆತದಲ್ಲಿ ಬೃಹತ್ ಶಿಲಾಸಮಾಧಿಗಳ ಕಪ್ಪು-ಕೆಂಪು ಮಡಕೆಗಳು ದೊರೆತವು. ಒಂದೇ ಮಡಕೆ, ಒಂದೇ ಮಣ್ಣು. ಒಳಮೈಯೂ ಬಾಯಿಯಂಚೂ ಕಪ್ಪು, ಕೆಳಗಿನ ಹೊರಮೈ ಕೆಂಪು. ಗಾಳಿಯಾಡಿದ ಕಡೆ ಕಬ್ಬಿಣ ಆಮ್ಲಜನಕವನ್ನು ತುಂಬ ಪಡೆದು ಕೆಂಪಾಗುತ್ತದೆ. ಗಾಳಿ ಸೇರದೆ ಹೊಗೆ ತುಂಬಿದ ಕಡೆ ಇಂಗಾಲ ಹೊಕ್ಕು, ಕಬ್ಬಿಣವೂ ಆಮ್ಲಜನಕವನ್ನು ಕಳೆದುಕೊಂಡು ಕಪ್ಪಾಗುತ್ತದೆ. ಬೆಂಕಿಯೊಂದೇ ಕೆಂಪಿಗೆ ಕಾರಣವೆಂಬ ಪೀಲು-ಪಿಠರ ಎರಡೂ ಪಕ್ಷಗಳ ಸಮಾನ ನಂಬಿಕೆಗೆ ಈ ಮಡಕೆ ಬಾಧಕ. ಅದನ್ನು ಮಾಡಿದವರಿಗೆ ಆವಗೆಗೆ ಎಲ್ಲಿ ಗಾಳಿ ಬಿಡಬೇಕು, ಎಲ್ಲಿ ಮುಚ್ಚಬೇಕು ಎಂಬುದು ಕೈಯಲ್ಲಿ ಕರಗತವಾಗಿತ್ತು. 1162ರ ಶಾಸನ ಎಣಿಸುವ ವಿದ್ಯೆಗಳಲ್ಲಿ ಆ ವಿದ್ಯೆ ಸೇರಿಲ್ಲ.