ಓಡುವ ನಾಯಿಯ ಮಗ್ಗುಲು

ಎಡಕ್ಕೆ ರೂಢಿಯಾದ ಎತ್ತನ್ನು ಬಲಕ್ಕೆ ಹೂಡಿದರೆ ಏನಾಗ್ತದ ಅಂತ ವಾಗದರಿಯ ರೈತರಿಗೆ ಹೇಳಬೇಕಾಗಿಲ್ಲ. ಓಡುವ ನಾಯಿಗೂ ಹಂಗೇ ಒಂದು ಮಗ್ಗುಲು ಇರ್ತದ. ಮುಧೋಳ ನಾಯಿ ಬಯಲಾಗ ಮೊಲದ ಬೆನ್ನು ಹತ್ತಿದಾಗ ಅದು ಯಾರಿಗೂ ಕಾಣಲಿಲ್ಲ. ಬಯಲಿಗೆ ಒಳಗು ಯಾವುದು, ಹೊರಗು ಯಾವುದು? 1926ರ ಜುಲೈ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಯಂತ್ರದ ಮೊಲದ ಹಿಂದೆ ನಾಯಿಗಳನ್ನು ಸುತ್ತುಹಾದಿಯಲ್ಲಿ ಓಡಿಸಿದರು. ಹಾದಿ ಸುತ್ತಾದ ಮ್ಯಾಲೆ ತಿರುವು ಬಂತು, ತಿರುವಿನಾಗ ಡಿಕ್ಕಿನೂ ಬಂತು. ಕೆಲವು ನಾಯಿ ಒಳಗಿನ ಕಂಬಿಗೆ ಅಂಟಿಕೊಂಡೇ ಓಡ್ತಾವ, ಕೆಲವು ಹೊರಗ ಸರೀತಾವ. ಒಳಗಿನದನ್ನು ಹೊರಗ ನಿಲ್ಲಿಸಿದರ ಮೊದಲ ತಿರುವಿಗೇ ಅಡ್ಡ ನುಗ್ತದ. ಎರಡು ಮೂರು ನಾಯಿ ಒಮ್ಮೆಲೇ ಉರುಳಿ ಕಾಲು ಮುರಕೋತಾವ. ಚೀಟಿ ಎತ್ತಿ ಜಾಗ ಕೊಡೋದು ಮಾಲಕರಿಗೆ ನ್ಯಾಯ, ನಾಯಿಗಲ್ಲ. ಅದಕ್ಕೇ ಮಗ್ಗುಲು ನೋಡಿ ಜಾಗ ಕೊಡುವ ಪದ್ಧತಿ ಬೆಳೀತು. ಅಲ್ಲಿ ಒಳಗಿನ 1ನೇ ನಾಯಿಗೆ ಕೆಂಪು ಅಂಗಿ, ಹೊರಗಿನ 6ನೆಯದಕ್ಕೆ ಕಪ್ಪು–ಬಿಳಿ ಪಟ್ಟೆಯದು.